ಗಾಜಿನ ಮೇಲಿನ ಸಹಿ

ನಮ್ಮೂರಿನಲ್ಲಿ ಯಾರಿಗಾದರೂ ಮಾತು ಕೊಟ್ಟವರು ಅದನ್ನು ನಡೆಸಿಕೊಡುವ ತನಕ ಹೊಳೆಯ ಸೇತುವೆ ದಾಟುವಂತಿಲ್ಲ. ತಡೆಯುವವರು ಯಾರೂ ಇಲ್ಲ, ದಾಟಲು ಆಗುವುದಿಲ್ಲ ಅಷ್ಟೇ. ನಡೆದು ಹೋದರೆ ಸೇತುವೆಯ ನಡುವೆ ಕಾಲು ತಾನಾಗಿ ತಿರುಗಿ ಊರಿನ ಕಡೆಗೆ ಹೆಜ್ಜೆ ಹಾಕುತ್ತದೆ. ಬಸ್ಸಿನಲ್ಲಿ ಹೋದರೆ ಬಸ್ಸೇ ನಿಂತುಬಿಡುತ್ತದೆ. ಆಗ ಕಂಡಕ್ಟರ್ ಮುದ್ದಯ್ಯ ಸಿಡುಕದೆ ಹಿಂದಕ್ಕೆ ತಿರುಗಿ, "ಯಾರದಪ್ಪಾ ಮಾತು ಬಾಕಿ? ಇಳ್ಕಳಿ, ಬೇರೇವ್ರಿಗೆ ಹೊತ್ತಾಯ್ತದೆ" ಎನ್ನುತ್ತಾನೆ. ಬಾಕಿ ಇದ್ದವರು ತಲೆ ತಗ್ಗಿಸಿ ಇಳಿಯುತ್ತಾರೆ, ಬಸ್ಸು ಹೊರಡುತ್ತದೆ. ಮಾತು ಪಡೆದವರು ಮನಸ್ಸು ಮಾಡಿ ಅಂಗೈ ಎತ್ತಿ ತೋರಿಸಿದರೆ ಕೊಟ್ಟವರಿಗೆ ಬಿಡುಗಡೆ.

ಹೀಗಾಗಿ ನಾವು ಮಾತಾಡುವ ರೀತಿಯೇ ಸ್ವಲ್ಪ ಬೇರೆ. ರವಿಕೆ ಯಾವಾಗ ಕೊಡ್ತೀರಿ ಎಂದು ದರ್ಜಿಯನ್ನು ಕೇಳಿದರೆ ಅವನು ಮೇಲೆ ನೋಡಿ, "ಹೊಲೀತಾ ಇದೀನಿ" ಎನ್ನುತ್ತಾನೆ. ಹಿಂದೆ ಇದ್ದ ಡಾಕ್ಟರೊಬ್ಬರು ಅಭ್ಯಾಸಬಲದಿಂದ "ನಾನು ವಾಸಿ ಮಾಡ್ತೀನಿ" ಎಂದು ಹೇಳಿ ಒಂದು ಮಳೆಗಾಲ ಪೂರ್ತಿ ಊರಲ್ಲೇ ಉಳಿದುಬಿಟ್ಟರು. ಆಮೇಲಿನ ಡಾಕ್ಟರು "ಗುಳಿಗೆ ತಗೊಳ್ಳಿ" ಎಂಬುದರ ಆಚೆ ಬಾಯಿ ಬಿಡುವುದಿಲ್ಲ. ಓಟು ಕೇಳಲು ಬರುವವರು ಆಚೆ ದಡದಲ್ಲೇ ನಿಂತು, ಮೈಕನ್ನು ನಮ್ಮ ಕಡೆ ತಿರುಗಿಸಿ ಭಾಷಣ ಮಾಡಿ ಹೋಗುತ್ತಾರೆ. ಸಹಿಯೂ ಮಾತೇ ಆದ್ದರಿಂದ, ಪತ್ರಗಳಿಗೆ ಸಹಿ ಹಾಕುವವರು ಸೇತುವೆ ದಾಟಿ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಹಾಕಿ ಬರುತ್ತಾರೆ.

ನಾನು ದಾಕ್ಷಾಯಿಣಿ. ಪೇಟೆಬೀದಿಯ ತುದಿಯಲ್ಲಿ ಬೇಕರಿ ಇಟ್ಟುಕೊಂಡಿದ್ದೇನೆ. ಬೇಕರಿಯ ಪಕ್ಕದ ಮನೆ ಚಂಪಕ್ಕನದು. ಚಂಪಕ್ಕ ಸೀರೆ ಸೆರಗಿಗೆ ಕುಚ್ಚು ಕಟ್ಟುತ್ತಾಳೆ. ಹುಟ್ಟಿನಿಂದ ಅವಳಿಗೆ ಕಿವಿ ಕೇಳುವುದಿಲ್ಲ, ಮಾತೂ ಬಂದಿಲ್ಲ. ಅವಳ ಬೆನ್ನಿಗೆ ಹುಟ್ಟಿದ ಕೇತಕಿಗೂ ಹಾಗೆಯೇ. ಆ ಕಾಲಕ್ಕೆ ಅಂಥ ಮಕ್ಕಳ ಶಾಲೆ ನಮ್ಮ ಕಡೆ ಇರಲಿಲ್ಲ. ಅಕ್ಕತಂಗಿಯರಿಬ್ಬರೂ ಅಡುಗೆಮನೆಯ ಮೂಲೆಯಲ್ಲಿ, ಬಚ್ಚಲ ಕಟ್ಟೆಯ ಮೇಲೆ ಕೂತು ತಮ್ಮಷ್ಟಕ್ಕೆ ಒಂದು ಕೈಮಾತು ಕಟ್ಟಿಕೊಂಡರು. ಅದರಲ್ಲಿ ಬೈಗುಳ ಇದೆ, ಒಗಟು ಇದೆ, ಊರಿನ ಪ್ರತಿಯೊಬ್ಬರಿಗೂ ಒಂದೊಂದು ಹೆಸರಿದೆ. ನನ್ನ ಹೆಸರು ಮೂಗಿನ ತುದಿಗೆ ಹಿಟ್ಟು ಒರೆಸಿಕೊಂಡಂತೆ. ಇಷ್ಟು ವರ್ಷ ಪಕ್ಕದಲ್ಲಿದ್ದು ನಾನು ಕಲಿತದ್ದು ಆ ಭಾಷೆಯ ಅಂಗಡಿ ವ್ಯವಹಾರ ಮಾತ್ರ: ಬೇಕು, ಬೇಡ, ಬಾ, ಹೋಗು, ಬಿಸಿ, ಹಸಿವು, ಸಿಟ್ಟು. ಪೂರ್ತಿ ಬಲ್ಲವರು ಲೋಕದಲ್ಲಿ ಇಬ್ಬರೇ. ಅವರಲ್ಲೊಬ್ಬಳು ಮದುವೆಯಾಗಿ ದೂರದ ಬಂದರಿನ ಊರಿಗೆ ಹೋದಳು.

ಕೇತಕಿಯ ಗಂಡ ಸುಂದರ ಅಲ್ಲಿ ಮಂಜುಗಡ್ಡೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಕಿವಿ ಕೇಳುವವನು, ಒಳ್ಳೆಯವನು, ಹೆಂಡತಿಯ ಮಾತು ಅರ್ಧಕ್ಕರ್ಧ ಕಲಿತವನು. ಉಳಿದ ಅರ್ಧಕ್ಕೆ ಅಕ್ಕನೇ ಬೇಕು. ನಮ್ಮೂರು ತಗ್ಗಿನಲ್ಲಿ ಕೂತಿರುವುದರಿಂದ ಮೊಬೈಲಿನಲ್ಲಿ ದನಿ ಹೇಗೋ ಬರುತ್ತದೆ, ಚಿತ್ರ ಬರುವುದಿಲ್ಲ. ದನಿ ಕಟ್ಟಿಕೊಂಡು ಅವರಿಬ್ಬರಿಗೆ ಆಗಬೇಕಾದ್ದೇನು?

ಅದಕ್ಕೇ ವೇಗವಾಣಿ ಎಂಬ ಕಂಪನಿ ಊರೊಳಗೆ ಬ್ರಾಡ್‌ಬ್ಯಾಂಡಿನ ತಂತಿ ಎಳೆದಾಗ ಊರಿಗೆಲ್ಲ ಚಂಪಕ್ಕ ಒಬ್ಬಳೇ ಹಾಕಿಸಿಕೊಂಡಳು. ನಾನಾಗ ನೆಂಟರ ಮನೆ ಮದುವೆಗೆ ಹೋಗಿದ್ದೆ. ಮಾರಲು ಬಂದವನು ಅವಳಿಗೆ ಕಿವಿ ಕೇಳದೆಂದು ತಿಳಿದು, ತುಟಿ ಎರಡು ಮಾಡದೆ ಟ್ಯಾಬ್ ತೆಗೆದು ಚಿತ್ರ ತೋರಿಸಿದನಂತೆ. ಪರದೆಯ ಆಚೆ ಒಬ್ಬಳು, ಈಚೆ ಒಬ್ಬಳು, ಇಬ್ಬರೂ ನಗುತ್ತಿದ್ದಾರೆ. ಚಂಪಕ್ಕ ಹೂಂ ಎಂಬಂತೆ ತಲೆಯಾಡಿಸಿ, ಅವನು ತೋರಿಸಿದ ಕಡೆ ಗಾಜಿನ ಮೇಲೆ ಬೆರಳಿನಿಂದ ಗೀಚಿದಳು. ಗೋಡೆಗೆ ಒಂದು ಬಿಳಿಯ ಪೆಟ್ಟಿಗೆ ಬಂತು. ಮಾತೇ ಆಡದ ಆ ಮನುಷ್ಯ ಆರಾಮವಾಗಿ ಸೇತುವೆ ದಾಟಿ ಹೋದ.

ಮೊದಲ ಕೆಲವು ತಿಂಗಳು ನೋಡಬೇಕಿತ್ತು. ಬೆಳಿಗ್ಗೆ ನಾನು ಬನ್ನಿನ ತಟ್ಟೆ ಒಲೆಗೆ ತಳ್ಳಿ ಹಿತ್ತಿಲಿಗೆ ಬಂದರೆ, ಕಿಟಕಿಯಲ್ಲಿ ಚಂಪಕ್ಕ ಕಾಣುತ್ತಿದ್ದಳು. ಮೊಬೈಲನ್ನು ಅಕ್ಕಿ ಡಬ್ಬಿಗೆ ಒರಗಿಸಿ, ಮಡಿಲಲ್ಲಿ ಸೀರೆ ಹಾಗೇ ಬಿಟ್ಟು, ಎರಡೂ ಕೈಯಲ್ಲಿ ಒಂದೇ ಸಮನೆ ಮಾತು. ನಕ್ಕರೆ ಮೈಯೆಲ್ಲ ಕುಲುಕುತ್ತಿತ್ತು. ಒಮ್ಮೆ ಜಗಳವನ್ನೂ ಕಂಡೆ. ಚಂಪಕ್ಕ ಕಣ್ಣು ಮುಚ್ಚಿಕೊಂಡು ಕೂತುಬಿಟ್ಟಿದ್ದಳು. ಅವರ ಭಾಷೆಯಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ.

ಆಮೇಲೆ ಚಿತ್ರ ನಿಲ್ಲತೊಡಗಿತು. ಕೇತಕಿಯ ಕೈ ಎತ್ತಿದ್ದು ಎತ್ತಿದ ಹಾಗೇ ನಿಂತು, ಸ್ವಲ್ಪ ಹೊತ್ತಿಗೆ ಮುಖವೆಲ್ಲ ಚೌಕ ಚೌಕವಾಗಿ ಒಡೆದುಹೋಗುತ್ತಿತ್ತು. ತಂಗಿ ಏನೋ ಹೇಳಲು ಹೊರಟು ಮುನಿಸಿಕೊಂಡಳೆಂದು ಚಂಪಕ್ಕ ಮೊದಲು ಹೆದರಿದಳು. ಅಲ್ಲ, ತಂತಿ ಕೆಟ್ಟಿದೆ ಎಂದು ನಾನು ತಿಳಿಸಿ ಹೇಳಿದೆ. ಅಲ್ಲಿಂದ ಮುಂದೆ ಕಂಪನಿಗೆ ಫೋನು ಮಾಡುವ ಕೆಲಸ ನನ್ನದಾಯಿತು.

ಮೊದಲ ಸಲ ಮಾಡಿದಾಗ ಒಂದು ಹೆಣ್ಣು ದನಿ, "ನಿಮ್ಮ ಕರೆ ನಮಗೆ ಅತ್ಯಮೂಲ್ಯ" ಎಂದಿತು. ನನಗೆ ಕಣ್ಣು ತುಂಬಿತು, ಸುಳ್ಳಲ್ಲ. ಆಮೇಲೆ ಹಾಡು, ಮತ್ತೆ ಅದೇ ದನಿ, ಮತ್ತೆ ಹಾಡು. ಕೊನೆಗೆ ಒಬ್ಬ ಹುಡುಗ ಸಿಕ್ಕಿ, "ಇಪ್ಪತ್ನಾಲ್ಕು ಗಂಟೆಯೊಳಗೆ ನಿಮ್ಮ ಸಮಸ್ಯೆ ಪರಿಹಾರವಾಗುತ್ತೆ ಮೇಡಂ" ಎಂದ. ಎಷ್ಟು ಧೈರ್ಯದ ಹುಡುಗ ಎನಿಸಿತು. ಚಂಪಕ್ಕ ಅಂಗಳ ಗುಡಿಸಿ, ಕುರ್ಚಿ ಹಾಕಿ, ಒಳ್ಳೆಯ ಸೀರೆಯುಟ್ಟು ಕೂತಳು. ನಾನು ಬೆಣ್ಣೆ ಬಿಸ್ಕತ್ತು ತಟ್ಟೆಗೆ ಹಾಕಿ ಮುಚ್ಚಿಟ್ಟೆ. ಯಾರೂ ಬರಲಿಲ್ಲ. ಆ ಹುಡುಗನಿಗೆ ಏನಾಯಿತೋ, ಪಾಪ, ಮಾತು ಬಾಕಿ ಉಳಿಸಿಕೊಂಡು ಮನೆಗೆ ಹೇಗೆ ಹೋದನೋ ಎಂದು ನಾವಿಬ್ಬರೂ ಮರುಗಿದೆವು. ಊರಾಚೆ ಕೂತು ಆಡಿದ ಮಾತಿಗೆ ನಮ್ಮ ಸೇತುವೆಯ ಹಂಗಿಲ್ಲ ಎಂಬುದು ತಲೆಗೆ ಹೊಳೆಯುವಷ್ಟರಲ್ಲಿ ಬಿಸ್ಕತ್ತು ಎಷ್ಟೋ ಸಲ ಮೆತ್ತಗಾಗಿತ್ತು.

ಅಷ್ಟರಲ್ಲಿ ಸುಂದರನ ಫೋನು ಬಂತು.

"ದಾಕ್ಷಾಯಿಣಕ್ಕಾ, ಇವ್ಳು ಮೆಟ್ಲು ಜಾರಿ ಬಿದ್ದು ಬಲಗೈ ಮುರ್ಕೊಂಡಿದ್ದಾಳೆ. ಪ್ಲಾಸ್ಟರ್ ಹಾಕಿದಾರೆ, ಕೂಡ್ಕೊಳ್ಳತ್ತೆ ಅಂದ್ರು. ಆದ್ರೆ ಮನೆಗೆ ಕರ್ಕೊಂಡು ಬಂದಾಗಿಂದ ಗೋಡೆ ಕಡೆ ಮುಖ ಮಾಡಿ ಮಲ್ಗಿದಾಳೆ. ತಿರುಗ್ತಾನೇ ಇಲ್ಲ. ಊಟ ಮುಟ್ಟಲ್ಲ. ನೋಡಿದ್ರೆ ತಾನೇ ನಾನು ಏನಾದ್ರೂ ಕೇಳೋದು? ಚಂಪಕ್ಕನ್ನ ಕಳಿಸಿಕೊಡಿ ಅಕ್ಕಾ."

ಬಲಗೈ ಎಂದು ನನ್ನ ಬಲಗೈ ಹಿಡಿದು, ಮುರಿದಂತೆ ತೋರಿಸಿದೆ. ಚಂಪಕ್ಕ ಅರ್ಥವಾದ ಕೂಡಲೇ ಸೂಜಿ ಕೆಳಗಿಟ್ಟಳು. ಕೈ ಮುರಿದುಕೊಂಡಳು ಎಂದರೆ ನಮಗೆ ಬೇರೆ, ಅವಳಿಗೆ ಬೇರೆ. ತಂಗಿಯ ಬಾಯಿಗೇ ಪ್ಲಾಸ್ಟರ್ ಹಾಕಿದ್ದಾರೆ ಎಂದು ಅವಳಿಗೆ ಕಂಡಿರಬೇಕು. ಮುಂದಿನ ಬಸ್ಸಿಗೆ ಚೀಲ ಹಿಡಿದು ಹೊರಟೇಬಿಟ್ಟಳು.

ಬಸ್ಸು ಸೇತುವೆಯ ನಡುವೆ ನಿಂತಿತು. ಮುದ್ದಯ್ಯ ಎಂದಿನಂತೆ ಕೂಗಿದ. ಯಾರೂ ಏಳಲಿಲ್ಲ. ಎಲ್ಲರೂ ಹಣೆ ಕೆರೆದುಕೊಂಡು, ಯಾರಿಗೆ ಏನು ಹೇಳಿದ್ದೆವು ಎಂದು ನೆನೆಸಿಕೊಂಡರು. ಕೊನೆಗೆ ಒಬ್ಬೊಬ್ಬರಾಗಿ ಇಳಿದು ಪರೀಕ್ಷೆ ಮಾಡುವುದೆಂದಾಯಿತು. ಎಲ್ಲರೂ ಇಳಿದು, ಏನು ನಡೆದಿದೆ ಎಂದು ತಿಳಿಯದ ಚಂಪಕ್ಕ ಒಬ್ಬಳೇ ಕಿಟಕಿಯ ಪಕ್ಕ ಉಳಿದಳು. ಬಸ್ಸು ಅಲುಗಲಿಲ್ಲ. ಮುದ್ದಯ್ಯ ಅವಳನ್ನು ಕೈಹಿಡಿದು ಇಳಿಸಿದ. ಬಸ್ಸು ಗುರ್ ಎಂದಿತು, ಉಳಿದವರೆಲ್ಲ ಹತ್ತಿಕೊಂಡು ಹೊರಟರು.

ಅವಳು ಚೀಲದೊಂದಿಗೆ ಬೇಕರಿಗೆ ವಾಪಸು ಬಂದು ಮೈದಾ ಮೂಟೆಯ ಮೇಲೆ ಕುಸಿದಳು. ಯಾರಿಗೆ ಮಾತು ಕೊಟ್ಟಿದ್ದೆ ಎಂದು ನಾನು ಕೇಳಿದರೆ ಯಾರಿಗೂ ಇಲ್ಲ ಎಂದು ಕೈಯಾಡಿಸಿದಳು. ಬಾಯಿಲ್ಲದವಳು ಎಲ್ಲಿಂದ ಮಾತು ಕೊಟ್ಟಾಳು? ಇಬ್ಬರೂ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ಅವಳು ಮೆಲ್ಲಗೆ ತೋರುಬೆರಳು ಎತ್ತಿ, ನನ್ನ ಗಾಜಿನ ಷೋಕೇಸಿನ ಮೇಲೆ ಗೀಚಿದಳು. ವೇಗವಾಣಿಯ ತಂತಿಯನ್ನು ಎರಡು ವರ್ಷ ಬಿಡುವುದಿಲ್ಲ ಎಂದು ಒಪ್ಪಿ ಹಾಕಿದ ಸಹಿ. ಊರೊಳಗೆ, ತನ್ನ ಮನೆ ಬಾಗಿಲಲ್ಲೇ ಕೂತು ಹಾಕಿದ್ದು. ಕಾಗದವಿಲ್ಲ, ಶಾಯಿಯಿಲ್ಲ, ಗಾಜಿನ ಮೇಲೆ ಬೆರಳಾಡಿಸಿದ್ದೂ ಸಹಿಯೆಂದು ಯಾರಿಗೆ ಗೊತ್ತಿತ್ತು?

ಆವತ್ತಿನಿಂದ ನಾನು ಫೋನು ಮಾಡಿದ್ದು ತಂತಿ ಸರಿಮಾಡಿ ಎಂದಲ್ಲ, ಒಪ್ಪಂದ ಬಿಟ್ಟುಕೊಡಿ ಎಂದು. ಕಂಪನಿಯವರು ಎಲ್ಲ ವಿವರ ತಾಳ್ಮೆಯಿಂದ ಬರೆದುಕೊಂಡು, "ರದ್ದು ಮಾಡೋದಕ್ಕೆ ಖಾತೆದಾರರೇ ಮಾತಾಡ್ಬೇಕು ಮೇಡಂ" ಎಂದರು.

"ಆಕೆಗೆ ಮಾತು ಬರಲ್ಲಪ್ಪಾ."

"ಪರವಾಗಿಲ್ಲ ಮೇಡಂ, ಬಂದಾಗ ಮಾತಾಡ್ಲಿ. ನಾವು ಕಾಯ್ತೀವಿ."

ಇನ್ನೊಬ್ಬರು, ಇನ್ನೊಬ್ಬರು. ಹೇಳಿದ್ದನ್ನೇ ಮೊದಲಿನಿಂದ ಹೇಳಬೇಕು. ಒಬ್ಬಾಕೆ ಮಾತ್ರ, "ನಮ್ಮಿಂದ ಗ್ರಾಹಕರು ಬಿಟ್ಟು ಹೋಗಬಾರದು. ನಮ್ಮ ಅಧಿಕಾರಿ ಖುದ್ದಾಗಿ ಬರ್ತಾರೆ" ಎಂದಳು. ನಾನು ನಂಬಲೂ ಇಲ್ಲ, ಬಿಸ್ಕತ್ತು ತೆಗೆದಿಡಲೂ ಇಲ್ಲ. ಆದರೆ ಆ ವಾರವೇ ಬಸ್ಸಿನಿಂದ ಒಬ್ಬಳು ಇಳಿದು, ಬಿಸಿಲಿಗೆ ಫೈಲು ಅಡ್ಡ ಹಿಡಿದು ಚಂಪಕ್ಕನ ಮನೆ ಕೇಳಿಕೊಂಡು ಬಂದಳು.

ಅವಳ ಹೆಸರು ಫಿಲೋಮಿನಾ. ಕರಾವಳಿಯವಳು, ಗುಂಗುರು ಕೂದಲು, ಜೋರು ದನಿ. ಬಿಟ್ಟು ಹೋಗುವ ಗ್ರಾಹಕರ ಮನಸ್ಸು ತಿರುಗಿಸುವುದೇ ಅವಳ ಕೆಲಸವಂತೆ. ಚಂಪಕ್ಕನ ಕೈಗಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, ಅವಳ ಮುಖ ನೋಡಿ ನಿಜವಾಗಿಯೂ ಕರಗಿ ಹೇಳಿದಳು: "ನೀವು ಎಂತ ಚಿಂತೆ ಮಾಡ್ಬೇಡಿ ಅಮ್ಮ. ನಿಮ್ಮ ತೊಂದರೆ ಸರಿ ಮಾಡದೆ ನಾನು ಈ ಊರು ಬಿಟ್ಟು ಹೋಗುವುದಿಲ್ಲ."

"ಅಯ್ಯೋ, ಹಂಗನ್ಬೇಡ ಕಣಮ್ಮಾ!" ಎಂದು ನಾನು ಬೇಕರಿಯ ಮೆಟ್ಟಿಲಿಂದ ಕೂಗುವಷ್ಟರಲ್ಲಿ ಆಗಿಹೋಗಿತ್ತು.

ಮೂರು ತಿಂಗಳು ಉಚಿತ, ಇನ್ನೂ ವೇಗದ ಯೋಜನೆ ಎಂದೆಲ್ಲ ಚಿತ್ರ ತೋರಿಸಿ, ಕಚೇರಿಗೆ ವರದಿ ಕಳಿಸಿ ಅವಳು ಮಧ್ಯಾಹ್ನದ ಬಸ್ಸಿಗೆ ಹೊರಟಳು. ಸ್ವಲ್ಪ ಹೊತ್ತಿಗೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದುಕೊಂಡು ನನ್ನ ಬೇಕರಿಗೆ ವಾಪಸು ಬಂದಳು. ಮುಖ ಕೆಂಪಗಾಗಿತ್ತು.

"ಇದೆಂತ ಊರು ಮಾರಾಯ್ರೆ? ಬಸ್ಸಿನಿಂದ ಇಳಿಸಿದ್ರು. ನಡೆದು ಹೋಗುವ ಅಂದ್ರೆ ಕಾಲು ಕೇಳುವುದಿಲ್ಲ!"

ನಾನು ನೀರು ಕೊಟ್ಟು ಕೂರಿಸಿ, ಮಾತು ಆಡಿದ್ದೀಯಲ್ಲಮ್ಮಾ, ನಡೆಸಿಬಿಟ್ಟು ಹೋಗು ಎಂದೆ. ಅವಳು ನಕ್ಕಳು. ಅಷ್ಟೇ ತಾನೇ, ನಮ್ಮದೇ ಕಂಪನಿ ಅಲ್ಲವಾ ಎಂದು ಮೇಲಧಿಕಾರಿಗೆ ಫೋನು ಹಚ್ಚಿದಳು. ಅವರು ಎತ್ತಲಿಲ್ಲ. ಇನ್ನೊಬ್ಬರಿಗೆ ಹಚ್ಚಿದರೆ, ಅದು ತಾಂತ್ರಿಕ ವಿಭಾಗದ್ದು ಎಂದರು. ತಾಂತ್ರಿಕ ವಿಭಾಗದವರು, ಆ ಊರಿನ ತಂತಿ ಪೂರ್ತಿ ಬದಲಾಯಿಸಬೇಕು, ಮೇಲಿನಿಂದ ಅನುಮತಿ ಬಂದಿಲ್ಲ ಎಂದರು. ಹಾಗಾದರೆ ಈ ಒಬ್ಬರ ಒಪ್ಪಂದವಾದರೂ ಮುಗಿಸಿ ಎಂದರೆ, ಅದಕ್ಕೆ ಸಹಾಯವಾಣಿಗೇ ಕರೆ ಮಾಡಬೇಕು, ನೌಕರರಿಗೆಂದು ಬೇರೆ ದಾರಿಯಿಲ್ಲ ಎಂದರು. ಫಿಲೋಮಿನಾ ಸಹಾಯವಾಣಿಗೆ ಕರೆ ಮಾಡಿದಳು. ನಿಮ್ಮ ಕರೆ ನಮಗೆ ಅತ್ಯಮೂಲ್ಯ ಎಂದಿತು ಆ ದನಿ. ಆಮೇಲೆ ಹಾಡು.

ಫೋನನ್ನು ಬನ್ನಿನ ಬುಟ್ಟಿಗೆ ಒರಗಿಸಿ ಅವಳು ಕಾದಳು. ಹಾಡು ಮುಗಿದು ಮತ್ತೆ ಶುರುವಾಯಿತು. ಗಿರಾಕಿಗಳು ಬಂದರು, ಹೋದರು. "ಈ ಹಾಡು ಇಷ್ಟು ಉದ್ದ ಉಂಟು ಅಂತ ನನಗೆ ಗೊತ್ತೇ ಇರಲಿಲ್ಲ" ಎಂದಳು ಒಮ್ಮೆ, ಸಣ್ಣ ದನಿಯಲ್ಲಿ. ಸಂಜೆಯ ಹೊತ್ತಿಗೆ ಲೈನು ತಾನಾಗಿಯೇ ಕಡಿಯಿತು. ಅವಳು ಕೆನ್ನೆಗೆ ಕೈಕೊಟ್ಟು ಕೂತಿದ್ದನ್ನು ನೋಡಿ ನನಗೆ ನಮ್ಮ ಮೆತ್ತಗಾದ ಬಿಸ್ಕತ್ತುಗಳು ನೆನಪಾದವು, ಸಿಟ್ಟು ಅರ್ಧ ಇಳಿಯಿತು.

ಅರ್ಧ ಮಾತ್ರ. ನಾನು ಚಂಪಕ್ಕನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ನನಗೆ ಬಂದ ಅಂಗಡಿ ಭಾಷೆಯಲ್ಲೇ ತಿಳಿಸಿ ಹೇಳಿದೆ. ಇವಳನ್ನು ಬಿಡಬೇಡ. ಇವಳು ಇಲ್ಲೇ ಇದ್ದರೆ ಕಂಪನಿಯವರು ಇವಳನ್ನು ಬಿಡಿಸಿಕೊಳ್ಳುವುದಕ್ಕಾದರೂ ಒಪ್ಪಂದ ಬಿಡುತ್ತಾರೆ. ಚಂಪಕ್ಕ ನನ್ನನ್ನೇ ನೋಡುತ್ತ ಪೂರ್ತಿ ಕೇಳಿಸಿಕೊಂಡಳು. ಕೇಳಿಸಿಕೊಂಡಳು ಎಂದೇ ಹೇಳಬೇಕು, ಅವಳು ನೋಡುವ ರೀತಿ ಹಾಗೆ. ಅಷ್ಟರಲ್ಲಿ ಒಳಗಿನಿಂದ ಫಿಲೋಮಿನಾಳ ದನಿ ಕೇಳಿಸಿತು. ಮನೆಗೆ ಫೋನು ಮಾಡಿದ್ದಳು. "ಇಲ್ಲ ಪುಟ್ಟಾ, ಇವತ್ತು ಬರ್ಲಿಕ್ಕೆ ಆಗುವುದಿಲ್ಲ. ಅಪ್ಪನ ಹತ್ರ ಜಡೆ ಹಾಕಿಸ್ಕೋ. ವಕ್ರ ಆದ್ರೆ ಆಗ್ಲಿ." ಚಂಪಕ್ಕನಿಗೆ ಅದು ಕೇಳಲಿಲ್ಲ, ಆದರೆ ಬಾಗಿಲ ಸಂದಿಯಿಂದ, ಯಾರೂ ಇಲ್ಲದ ಗಾಳಿಯಲ್ಲಿ ಫಿಲೋಮಿನಾಳ ಬಿಡುವಾದ ಕೈ ಜಡೆ ಹೆಣೆಯುತ್ತಿರುವುದು ಕಂಡಿತು.

ಅವಳು ನೇರವಾಗಿ ಒಳಗೆ ಹೋಗಿ ಫಿಲೋಮಿನಾಳ ಮುಂದೆ ನಿಂತು ಅಂಗೈ ಎತ್ತಿದಳು.

"ಬಿಟ್ಟೆ ಅಂತಿದಾಳೆ," ಎಂದೆ ನಾನು, ಮನಸ್ಸಿಲ್ಲದ ಮನಸ್ಸಿನಿಂದ. "ಇನ್ನು ನೀನು ಹೋಗ್ಬೋದು. ಸಿಕ್ಕಾಕೊಂಡಿರೋಳು ಒಬ್ಳು ಸಾಕು ಅಂತ ಅವಳ ಅಭಿಪ್ರಾಯ."

ಫಿಲೋಮಿನಾ ಎದ್ದು ನಿಂತಳು. ಚೀಲ ಹೆಗಲಿಗೆ ಹಾಕಿಕೊಂಡಳು. ಬಾಗಿಲ ತನಕ ಹೋಗಿ ನಿಂತಳು. ಬೀದಿಯಲ್ಲಿ ಕೊನೆಯ ಬಸ್ಸಿನ ಹಾರ್ನ್ ಕೇಳಿಸುತ್ತಿತ್ತು. ಅವಳು ಇಷ್ಟು ವರ್ಷ ಎಷ್ಟು ಮನೆಯ ಬಾಗಿಲಲ್ಲಿ ನಿಂತು ಎಷ್ಟು ಸಲ ಅದೇ ಮಾತು ಹೇಳಿದ್ದಳೋ, ಹೇಳಿ ಎಷ್ಟು ಸಲೀಸಾಗಿ ಬಸ್ಸು ಹತ್ತಿದ್ದಳೋ, ಅದನ್ನೆಲ್ಲ ನೆನೆಯುತ್ತಿದ್ದಳೋ ಏನೋ ನನಗೆ ಗೊತ್ತಿಲ್ಲ. ತಿರುಗಿ ಬಂದು ಚೀಲ ಕೆಳಗಿಟ್ಟಳು.

"ಅವರಿಗೆ ಹೇಳಿ ಅಕ್ಕಾ, ಇವರ ಒಪ್ಪಂದ ಬಿಡಿಸದೆ ನಾನು ಹೋಗುವುದಿಲ್ಲ. ಈ ಸಲ ಗೊತ್ತಿದ್ದೇ ಹೇಳ್ತಾ ಇದ್ದೇನೆ."

ಆ ಮಾತನ್ನು ಕೈಯಲ್ಲಿ ಹೇಳುವುದು ನನಗೆ ಬರಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಚಂಪಕ್ಕ ತನ್ನ ಮನೆಗೆ ಹೋಗಿ ಅವಳಿಗೊಂದು ಚಾಪೆ ಹಾಸಿದಳು.

ಮಾರನೆಯ ಬೆಳಿಗ್ಗೆ ಸುಂದರ ಮತ್ತೆ ಫೋನು ಮಾಡಿದ. ಇಷ್ಟು ದಿನ ಎರಡು ಗುಟುಕಾದರೂ ಕುಡಿಯುತ್ತಿದ್ದ ಗಂಜಿಯನ್ನೂ ಕೇತಕಿ ದೂಡಿದಳಂತೆ. ಫಿಲೋಮಿನಾ ಅದನ್ನು ಕೇಳಿ, ಮುಖ ತೊಳೆದು, ಸಹಾಯವಾಣಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿ ಕೂತಳು. ನಾನು ಅಂಗಡಿಯ ಬಾಗಿಲು ಅರ್ಧ ಎಳೆದು ಬಂದೆ. ಹಾಡು, ದನಿ, ಹಾಡು. ಕೊನೆಗೆ ಒಬ್ಬ ಹುಡುಗಿ ಸಿಕ್ಕಿದಳು. "ನಮಸ್ಕಾರ, ನಾನು ಸಬೀಹಾ, ನಿಮಗೆ ಹೇಗೆ ಸಹಾಯ ಮಾಡಲಿ?"

ಫಿಲೋಮಿನಾ ತಾನು ಯಾರು, ಎಲ್ಲಿ ಕೂತಿದ್ದೇನೆ, ಏನಾಗಬೇಕು ಎಂದು ಬಿಡಿಸಿ ಹೇಳಿದಳು. ಹುಡುಗಿ ಗಮನವಿಟ್ಟು ಕೇಳಿದಳು. ನಂತರ, "ಕ್ಷಮಿಸಿ ಮೇಡಂ, ಖಾತೆದಾರರ ದನಿ ರೆಕಾರ್ಡ್ ಆಗ್ಬೇಕು. ಹೆಸರು ಹೇಳಿ, ರದ್ದು ಮಾಡಿ ಅಂತ ಅವರೇ ಹೇಳ್ಬೇಕು. ಇಲ್ದಿದ್ರೆ ಸಿಸ್ಟಮ್ ಮುಂದಕ್ಕೆ ಹೋಗಲ್ಲ" ಎಂದಳು.

"ಅವರಿಗೆ ಮಾತು ಬರುವುದಿಲ್ಲ ಅಂತ ಹೇಳಿದ್ನಲ್ಲ? ನಾನು ಕಂಪನಿಯವಳೇ ಸಾಕ್ಷಿ ಇದ್ದೇನೆ."

"ಗೊತ್ತಾಯ್ತು ಮೇಡಂ. ನಂಗೂ ಬೇಜಾರಾಗ್ತಿದೆ. ಆದ್ರೆ ದನಿ ಬೇಕು."

ಫಿಲೋಮಿನಾ ನನ್ನ ಕಡೆ ನೋಡಿದಳು. ನಾನೇ ಚಂಪಾವತಿ ಎಂದು ಹೇಳಿಬಿಡಲಾ ಎಂದು ನಾನು ತುಟಿ ಅಲುಗಿಸಿದೆ. ಆಗ ಚಂಪಕ್ಕ ನನ್ನ ತೋಳು ಹಿಡಿದು, ಏನು ಕೇಳುತ್ತಿದ್ದಾರೆ ಎಂದು ಹುಬ್ಬು ಹಾರಿಸಿದಳು. ನಾನು ಗಂಟಲು ಮುಟ್ಟಿ, ಅವಳ ಕಡೆ ಬೆರಳು ಮಾಡಿ, ಫೋನಿನ ಕಡೆ ತೋರಿಸಿದೆ. ನಿನ್ನ ದನಿ ಬೇಕಂತೆ.

ಚಂಪಕ್ಕನ ದನಿಯನ್ನು ನಾನು ಇಷ್ಟು ವರ್ಷದಲ್ಲಿ ಕೇಳಿದ್ದಿಲ್ಲ. ನಗುವಾಗಲೂ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವವಳು. ಚಿಕ್ಕಂದಿನಲ್ಲಿ ಬೀದಿ ಮಕ್ಕಳು ಅವಳ ದನಿಯನ್ನು ಅಣಕಿಸಿ ಓಡುತ್ತಿದ್ದರಂತೆ. ಅವರ ಬಾಯಿ ಸೊಟ್ಟಗಾಗುವುದನ್ನು ನೋಡಿ ತನ್ನಿಂದ ಏನು ಹೊರಡುತ್ತಿದೆ ಎಂದು ಅವಳಿಗೆ ತಿಳಿಯಿತಂತೆ. ಆವತ್ತು ಒಳಕ್ಕೆ ತಳ್ಳಿದ ದನಿಯನ್ನು ಅವಳು ಹೊರಗೆ ಬಿಟ್ಟಿರಲಿಲ್ಲ.

ಅವಳು ಫೋನನ್ನು ಎರಡೂ ಕೈಯಲ್ಲಿ ಎತ್ತಿ ಮುಖದ ಹತ್ತಿರ ಹಿಡಿದಳು. ಕಣ್ಣು ಮುಚ್ಚಿದಳು. ಹೊಟ್ಟೆಯ ಆಳದಿಂದ ಒಂದು ದನಿ ಎದ್ದು ಬಂತು. ಅದರಲ್ಲಿ ಅಕ್ಷರವಿರಲಿಲ್ಲ. ಒರಟಾಗಿ, ಎತ್ತರಕ್ಕೆ ಏರಿ, ನಡುವೆ ಒಡೆದು, ಮತ್ತೆ ಕೂಡಿಕೊಂಡು ಬಂತು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಅವಳು ಉಸಿರು ತೆಗೆದುಕೊಂಡು ಇನ್ನೊಮ್ಮೆ ಕೂಗಿದಳು. ಮೊದಲನೆಯದು ಹೆಸರು, ಎರಡನೆಯದು ಬಿಡಿ ಎಂಬ ಮಾತು ಎಂದು ನಾನು ತಿಳಿದುಕೊಂಡೆ.

ಲೈನು ಕಡಿಯಿತೇ ಎಂದು ಫಿಲೋಮಿನಾ ಬಗ್ಗಿ ನೋಡಿದಳು. ಕಡಿದಿರಲಿಲ್ಲ.

"ಕೇಳಿಸ್ತು ಅಮ್ಮ," ಎಂದಳು ಸಬೀಹಾ. ಅವಳ ದನಿಯಿಂದ ಆ ಕಚೇರಿಯ ನಯವೆಲ್ಲ ಹೋಗಿ, ಯಾವುದೋ ಮನೆಯ ಮಗಳ ದನಿಯಾಗಿತ್ತು. "ಸ್ಪಷ್ಟವಾಗಿ ಕೇಳಿಸ್ತು. ಹೆಸರು ಹೇಳಿದ್ರಿ. ರದ್ದು ಮಾಡಿ ಅಂದ್ರಿ. ರೆಕಾರ್ಡ್ ಆಯ್ತು. ನನ್ನನ್ನ ಯಾರಾದ್ರೂ ಕೇಳಿದ್ರೆ ಕೇಳ್ಲಿ, ನಾನು ಹಂಗೇ ಹೇಳ್ತೀನಿ. ರದ್ದು ಮಾಡ್ತಾ ಇದೀನಿ, ಒಂದ್ನಿಮಿಷ ಇರಿ."

ಹಾಡು ಬರಲಿಲ್ಲ. ಕೀಲಿಮಣೆಯ ಟಕಟಕ ಮಾತ್ರ ಕೇಳಿಸಿತು. "ಆಯ್ತು" ಎಂದಳು. ಆ ಹುಡುಗಿ ನಮ್ಮ ಸೇತುವೆಯನ್ನು ಕಂಡವಳಲ್ಲ. ಆಡಿದ ಮಾತು ತಪ್ಪಿದ್ದರೆ ಅವಳ ಕಾಲಿಗೆ ಏನೂ ಆಗುತ್ತಿರಲಿಲ್ಲ. ಆದರೂ ಆಡಿದಂತೆ ಮಾಡಿದಳು.

ಗೋಡೆಯ ಮೇಲಿನ ಬಿಳಿ ಪೆಟ್ಟಿಗೆಯನ್ನು ಫಿಲೋಮಿನಾ ಬಿಚ್ಚಿ ಚೀಲಕ್ಕೆ ಹಾಕಿಕೊಂಡಳು. ದಾರಿಯಲ್ಲಿ ಭಾಷೆಗೆ ಯಾರಾದರೂ ಬೇಕೆಂದು ನಾನು ಬೇಕರಿಗೆ ಬೀಗ ಹಾಕಿದೆ. ಪುಣ್ಯಕ್ಕೆ ನಾನು ಯಾರಿಗೂ ಏನೂ ಹೇಳಿರಲಿಲ್ಲ. ಮೂವರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತೆವು. ಸೇತುವೆ ಬಂದಾಗ ಫಿಲೋಮಿನಾ ಚಂಪಕ್ಕನ ಕೈ ಹಿಡಿದಳೋ, ಚಂಪಕ್ಕ ಅವಳದನ್ನು ಹಿಡಿದಳೋ, ಒಟ್ಟಿನಲ್ಲಿ ಇಬ್ಬರೂ ಹಿಡಿದುಕೊಂಡಿದ್ದರು. ಬಸ್ಸು ಆಚೆ ದಡದ ಟೀ ಅಂಗಡಿ ದಾಟಿದ ಮೇಲೆ ಮುದ್ದಯ್ಯ ಟಿಕೇಟು ಹರಿದು ಕೊಟ್ಟ.

ಫಿಲೋಮಿನಾ ದಾರಿಯಲ್ಲಿ ತನ್ನೂರಿನ ಕ್ರಾಸಿನಲ್ಲಿ ಇಳಿಯಬೇಕಾಗಿತ್ತು. ಇಳಿದು, ಕಿಟಕಿಯ ಕೆಳಗೆ ಬಂದು ನಿಂತು, ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ಬಾಯಿ ಮುಚ್ಚಿ ಕೈ ಬೀಸಿದಳು. ಅವಳ ಕೆಲಸ ಉಳಿಯಿತೇ ಎಂದು ನಾನು ಒಂದು ತಿಂಗಳ ಮೇಲೆ ಫೋನು ಮಾಡಿ ಕೇಳಿದೆ. ಉಳಿದಿದೆ, ಆದರೆ ಮನೆ ಬಾಗಿಲಲ್ಲಿ ನಿಂತಾಗ ಮೊದಲಿನ ಹಾಗೆ ಸರಾಗವಾಗಿ ಮಾತು ಬರುವುದಿಲ್ಲ ಎಂದಳು.

ಬಂದರಿನ ಊರು ಮುಟ್ಟಿದಾಗ ಇಳಿಹೊತ್ತಾಗಿತ್ತು. ಸುಂದರ ಬಾಗಿಲಲ್ಲೇ ಕಾದಿದ್ದ. ಗಡ್ಡ ಬೆಳೆದಿತ್ತು. ಕೈಸನ್ನೆಯಲ್ಲೇ ಒಳಗೆ ಎಂದ. ಸಣ್ಣ ಕೋಣೆ, ಮಂಚ, ಪಶ್ಚಿಮಕ್ಕೆ ಕಿಟಕಿ. ಕೇತಕಿ ನಮಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಮಲಗಿದ್ದಳು. ಪ್ಲಾಸ್ಟರಿನ ಕೈ ದಿಂಬಿನ ಮೇಲೆ ಯಾರದೋ ಕೈ ಎಂಬಂತೆ ಬಿದ್ದಿತ್ತು. ನಾವು ಬಂದದ್ದು ಅವಳಿಗೆ ಕೇಳುವಂತಿರಲಿಲ್ಲ. ಸುಂದರ ಭುಜ ಮುಟ್ಟಿದರೆ ಇನ್ನಷ್ಟು ಮುದುಡಿಕೊಂಡಳು.

ನಾನು ಮುಂದೆ ಹೋಗಲು ನೋಡಿದೆ. ಚಂಪಕ್ಕ ನನ್ನನ್ನು ತಡೆದು ಕಿಟಕಿಗೆ ಬೆನ್ನು ಕೊಟ್ಟು ನಿಂತಳು. ಬಿಸಿಲು ಅವಳ ಹಿಂದಿನಿಂದ ಬಂದು ಮಂಚದ ಆಚೆಯ ಗೋಡೆಯ ಮೇಲೆ ಬಿದ್ದಿತ್ತು. ಅವಳು ಎರಡೂ ಕೈ ಎತ್ತಿದಳು. ಕೇತಕಿಯ ಕಣ್ಣ ಮುಂದಿನ ಗೋಡೆಯ ಮೇಲೆ ಎರಡು ಕೈಗಳ ನೆರಳು ಎದ್ದು ನಿಂತು ಮಾತಾಡತೊಡಗಿತು.

ಏನು ಹೇಳಿತೋ ನನಗೆ ಗೊತ್ತಾಗಲಿಲ್ಲ. ನನ್ನ ಅಂಗಡಿ ಮಾತಿಗೆ ಸಿಕ್ಕದ ಮಾತು. ಬೆರಳುಗಳು ಬಿಡಿಸಿಕೊಂಡವು, ಸುತ್ತಿಕೊಂಡವು, ಒಂದರ ಮೇಲೊಂದು ಬಿದ್ದು ಉರುಳಿದವು. ಯಾವುದೋ ಹಳೆಯ ತಮಾಷೆ ಇದ್ದಿರಬೇಕು, ಕೇತಕಿಯ ಬೆನ್ನು ಒಮ್ಮೆ ಕುಲುಕಿತು. ನಗುವೋ ಅಳುವೋ ಎಂದು ನಾನೂ ಸುಂದರನೂ ಮುಖ ನೋಡಿಕೊಂಡೆವು. ಅವಳು ತಿರುಗಿದಳು.

ಅಕ್ಕನನ್ನು ಕಂಡ ಕೂಡಲೇ ಅವಳ ಎಡಗೈ ಎದ್ದಿತು. ಬಲಗೈಯೂ ಏಳಲು ನೋಡಿ, ಪ್ಲಾಸ್ಟರಿನ ಭಾರಕ್ಕೆ ದಿಂಬಿನ ಮೇಲೆ ಕುಸಿಯಿತು. ಅರ್ಧ ಮಾತು ಗಾಳಿಯಲ್ಲೇ ಉಳಿಯಿತು. ಅವಳು ತುಟಿ ಕಚ್ಚಿ ಮತ್ತೆ ಗೋಡೆಯ ಕಡೆ ತಿರುಗಲು ಹೊರಟಳು.

ಚಂಪಕ್ಕ ಮಂಚದ ಮೇಲೆ ಹತ್ತಿ, ತಂಗಿಯ ಬೆನ್ನಿಗೆ ಎದೆ ಆನಿಸಿ ಕೂತು, ತನ್ನ ಬಲಗೈಯನ್ನು ಅವಳ ಬಲ ಕಂ‌ಕುಳಿನ ಪಕ್ಕದಿಂದ ಮುಂದಕ್ಕೆ ಚಾಚಿದಳು. ಕೇತಕಿ ಆ ಕೈಯನ್ನು ನೋಡಿದಳು. ತನ್ನ ಎಡಗೈಯನ್ನು ಅದರ ಎದುರಿಗೆ ತಂದಳು. ಮೊದಲು ಎರಡೂ ತಡವರಿಸಿದವು, ಒಂದಕ್ಕೊಂದು ತಾಗಿದವು, ಒಂದು ಮುಂದೆ ಹೋಯಿತು, ಇನ್ನೊಂದು ಹಿಂದೆ ಬಿತ್ತು. ಆಮೇಲೆ ಕೂಡಿಕೊಂಡವು. ಒಬ್ಬಳ ಎಡಗೈ, ಒಬ್ಬಳ ಬಲಗೈ, ಒಂದೇ ಮಾತು.

ಅದನ್ನು ಅವರು ಹೇಳಿದ್ದು ಸುಂದರನ ಕಡೆ ತಿರುಗಿ. ಅವನು ಬಾಗಿಲಿಗೆ ಒರಗಿ ನೋಡುತ್ತಿದ್ದವನು ಮೂಗೊರೆಸಿಕೊಂಡು ಜೋರಾಗಿ ನಕ್ಕ.

"ಏನಂತೆ?" ಎಂದೆ ನಾನು.

"ಗಂಜಿಗೆ ಉಪ್ಪಿಲ್ಲ ಅಂತೆ ಅಕ್ಕಾ," ಎಂದು ಅವನು ಅಡುಗೆಮನೆಗೆ ಓಡಿದ.